ಹತ್ತಿ ಬೀಜದ ಪ್ಲಾಟ್: ಶುದ್ಧತೆ ಟೆಸ್ಟ್ ರೈತರೇ ಮಾಡಿಸಬಹುದಾ? ಹಾವೇರಿ ಕಡೆಯವರು ಹೇಳಿ

ಹೊಳೆಸಾಲು (ರಾಣೆಬೆನ್ನೂರು ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಹತ್ತಿ ಬೀಜದ ಪ್ಲಾಟ್ ಮಾಡುತ್ತೇವೆ. ಕಂಪನಿಯವರು ಗಂಡು, ಹೆಣ್ಣು ಎರಡೂ ಬೀಜ ಕೊಡುತ್ತಾರೆ. ನಾವು ಕ್ರಾಸಿಂಗ್ ಮಾಡಿ ಹೈಬ್ರಿಡ್ ಬೀಜ ತಿರುಗಿ ಕೊಡುತ್ತೇವೆ.

ಈ ಕೆಲಸ ನೋಡದವರಿಗೆ ಚೂರು ಹೇಳಿಬಿಡುತ್ತೇನೆ. ಸಂಜೆ ಹೊತ್ತು ಹೆಣ್ಣು ಗಿಡದಲ್ಲಿ ನಾಳೆ ಅರಳುವ ಮೊಗ್ಗು ಹುಡುಕಬೇಕು. ಬುಡಕ್ಕೆ ಹೆಬ್ಬೆರಳಿನ ಉಗುರು ಹಾಕಿ ತಿರುವಿದರೆ ಎಸಳು, ಕೇಸರ ಎರಡೂ ಒಟ್ಟಿಗೆ ಕಳಚಿ ಬರುತ್ತವೆ. ನಡುವಿನ ಕಡ್ಡಿಯಷ್ಟೇ ಉಳಿಯುತ್ತದೆ. ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ. ಮರುದಿನ ಬೆಳಿಗ್ಗೆ ಟೊಪ್ಪಿಗೆ ತೆಗೆದು, ಗಂಡು ಹೂವು ತಂದು ಸವರಿ, ತೊಟ್ಟಿಗೆ ದಾರ ಕಟ್ಟುವುದು. ಉಗುರು ಆಳಕ್ಕೆ ಹೋದರೆ ಕಾಯಿಯೇ ಉದುರುತ್ತದೆ. ಮೇಲೆ ಮೇಲೆ ಹೋದರೆ ಕೇಸರದ ಒಂದೆರಡು ಕಾಳು ಉಳಿದು ಗಿಡ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಅಮ್ಮ ಮಾತಾಡುತ್ತಲೇ ಮಾಡುತ್ತಾಳೆ. ಸೀಸನ್ ಮುಗಿಯುವವರೆಗೆ ಅವಳ ಉಗುರು ಕಪ್ಪಗೇ ಇರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಸೀಸನ್‌ನಲ್ಲಿ ನಮ್ಮ ಲಾಟ್, ಅಂದರೆ ನಾವು ಕೊಟ್ಟ ಬೀಜದ ರಾಶಿ, 'ಶುದ್ಧತೆ ಟೆಸ್ಟ್‌ನಲ್ಲಿ ಫೇಲ್' ಅಂದರು. ಸರಿಯಾದ ಹೈಬ್ರಿಡ್ ಅಲ್ಲದ ಬೀಜ ಹೆಚ್ಚು ಬೆರೆತಿದೆ ಅಂತ ಅದರ ಅರ್ಥ. ಬೀಜ ಕೊಟ್ಟು ಎಷ್ಟೋ ತಿಂಗಳಾದ ಮೇಲೆ ಗೊತ್ತಾಗಿದ್ದು. ರಿಪೋರ್ಟ್ ಕೇಳಿದರೆ ಆರ್ಗನೈಸರ್ (ಕಂಪನಿಗೂ ನಮಗೂ ನಡುವಿನವನು) ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ಅದರಲ್ಲಿ ನಮ್ಮ ಹೆಸರಿಲ್ಲ, ಲಾಟ್ ನಂಬರ್ ಇತ್ತು. ಅದು ನಮ್ಮದೇ ನಂಬರ್ ಅಂತ ಅವನೇ ಹೇಳಿದ. ಕೂಲಿ ನಾವು ಕೈಯಿಂದ ಕೊಟ್ಟಿದ್ದೇವೆ. ಪೂರ್ತಿ ಲಾಟಿಗೆ ದುಡ್ಡಿಲ್ಲ.

ಇದೇ ಹೊತ್ತಿಗೆ ತಮ್ಮ ಪಿಯು ಕಾಲೇಜಿನಲ್ಲಿ ಭಾಷಣ ಮಾಡುತ್ತಾನಂತೆ, 'ದೇಶದ ಆರ್ಥಿಕತೆಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ'. ಬರೆದುಕೊಂಡಿದ್ದು ನೋಡಿದೆ. ರಾಕೆಟ್ ಇದೆ, ಯುಪಿಐ ಇದೆ, ಎಐ ಇದೆ. ಹತ್ತಿ ಇಲ್ಲ, ಮೆಣಸಿನಕಾಯಿ ಇಲ್ಲ.

ನನ್ನ ಪ್ರಶ್ನೆ ಎರಡು. ಈ ಟೆಸ್ಟ್ ನಾವೇ ಬೇರೆ ಕಡೆ ಮಾಡಿಸಬಹುದಾ, ಮಾಡಿಸಿದರೆ ಯಾರಾದರೂ ಒಪ್ಪುತ್ತಾರಾ? ಮತ್ತೆ, ವಿಜ್ಞಾನದಿಂದ ರೈತನಿಗೆ ಲಾಭ ಅಂತ ಎಲ್ಲರೂ ಹೇಳುತ್ತಾರಲ್ಲ, ನಿಮ್ಮ ನಿಮ್ಮ ಧಂದೆಯಲ್ಲಿ ಅದು ನಿಜವಾಗಿ ಯಾರ ಕೈಗೆ ಹೋಯಿತು? ಸುಮ್ನೆ ಬೈಯೋಕೆ ಕೇಳುತ್ತಿಲ್ಲ, ಲೆಕ್ಕ ಬೇಕು.

—

ಹಳೇ ಫೀಲ್ಡ್‌ಮನ್ (ಹಾವೇರಿ):

ತಂಗಿ, ನಾನು ಬೀಜದ ಪ್ಲಾಟ್ ಸುಪರ್ವೈಸ್ ಮಾಡಿಕೊಂಡೇ ಬದುಕಿದವನು, ಈಗ ಬಿಟ್ಟಿದ್ದೇನೆ. ನಿಮ್ಮ ತಮ್ಮನಿಗೆ ಮೊದಲು ಇದನ್ನ ಹೇಳಿ. ಗಿಡದಿಂದ ಗಿಡಕ್ಕೆ ಕೈಯಿಂದ ಕ್ರಾಸ್ ಮಾಡಿ, ಆ ಬೀಜವನ್ನ ದುಡ್ಡಿಗೆ ಮಾರಿ, ರೈತ ಅದನ್ನೇ ಬಿತ್ತಿ ಲಾಭ ಮಾಡಬಹುದು ಅಂತ ಹತ್ತಿಯಲ್ಲಿ ಜಗತ್ತಿಗೆ ತೋರಿಸಿದ್ದೇ ನಮ್ಮ ದೇಶ. 1970ರಲ್ಲಿ ಸೂರತ್‌ನಿಂದ ಎಚ್-4 ಬಂತು. ಎರಡೇ ವರ್ಷಕ್ಕೆ, 1972ರಲ್ಲಿ, ನಮ್ಮ ಧಾರವಾಡದಿಂದ ವರಲಕ್ಷ್ಮಿ. ಡಾ. ಬಿ.ಎಚ್. ಕಾತರಕಿಯವರು ಮಾಡಿದ್ದು. ಎಚ್-4ನಲ್ಲಿ ತಾಯಿ ತಂದೆ ಒಂದೇ ಜಾತಿ. ವರಲಕ್ಷ್ಮಿಯಲ್ಲಿ ಹಾಗಲ್ಲ, ಅಮೆರಿಕನ್ ಹತ್ತಿಗೂ ಉದ್ದ ಎಳೆಯ ಈಜಿಪ್ಟ್ ಜಾತಿಗೂ ಸಂಬಂಧ ಬೆಳೆಸಿದ್ದರು. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಬಂತು, ಜನ ಜಯಲಕ್ಷ್ಮಿ ಅಂದರು.

ಹೊರದೇಶದವರಿಗೆ ಹೈಬ್ರಿಡ್ ಹತ್ತಿ ಗೊತ್ತಿರಲಿಲ್ಲ ಅಂತಲ್ಲ. ಒಂದೊಂದೇ ಹೂವು ಕೂತು ಮುಟ್ಟುವ ಕೂಲಿ ಅವರಿಗೆ ಗಿಟ್ಟಲಿಲ್ಲ. ನಮ್ಮಲ್ಲಿ ನಿಮ್ಮ ಅಮ್ಮನಂಥವರಿದ್ದರು, ಗಿಟ್ಟಿತು. ಹಾಗಾಗಿ ಆ ತಂತ್ರಜ್ಞಾನದ ಅರ್ಧ ಧಾರವಾಡದ ಪ್ರಯೋಗಾಲಯದಲ್ಲಿತ್ತು, ಇನ್ನರ್ಧ ಹೆಣ್ಣುಮಕ್ಕಳ ಹೆಬ್ಬೆರಳಿನಲ್ಲಿತ್ತು. 2002ರಲ್ಲಿ ಬಿಟಿ (ಕಾಯಿಕೊರಕ ಹುಳ ತಡೆಯುವ ಜೀನ್) ಬಂದಾಗಲೂ ಇಲ್ಲಿ ಅದನ್ನ ಹೈಬ್ರಿಡ್ ಒಳಗೇ ಸೇರಿಸಿದರು, ಅಂದರೆ ಮತ್ತೆ ಅದೇ ಹೆಬ್ಬೆರಳು. ಪ್ಯಾಕೆಟ್ ಮೇಲೆ ಜೀನಿನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ಕ್ರಾಸ್ ಮಾಡಿದವರ ಊರು ಎಲ್ಲೂ ಇರುವುದಿಲ್ಲ.

ಈಗ ನಿಮ್ಮ ಫೇಲ್ ವಿಷಯ. ಲಾಟ್ ಫೇಲ್ ಆಗಿದೆ ಅಂದ ಮಾತ್ರಕ್ಕೆ ತಪ್ಪು ನಿಮ್ಮದೇ ಅಂತ ಒಪ್ಪಿಕೊಂಡು ಕೂರಬೇಡಿ. ಅಶುದ್ಧ ಎರಡು ಮೂರು ಕಡೆಯಿಂದ ಬರುತ್ತದೆ. ನೀವೇ ಹೇಳಿದ ಹಾಗೆ ಕೇಸರ ಉಳಿದು ಸೆಲ್ಫ್ (ತನ್ನದೇ ಪರಾಗದಿಂದ ಕಾಯಿ) ಆಗಿರಬಹುದು. ಕ್ರಾಸಿಂಗ್ ನಿಲ್ಲಿಸಿದ ಮೇಲೆ ಬಂದ ಹೊಸ ಮೊಗ್ಗು ಕೀಳದೆ ಬಿಟ್ಟರೆ ಅದೂ ಸೆಲ್ಫ್ ಕಾಯಿ. ಬಿಡಿಸುವಾಗ ದಾರ ಇಲ್ಲದ ಕಾಯಿ ಬುಟ್ಟಿಗೆ ಬಿದ್ದರೂ ಅದೇ ಕಥೆ. ಇವೆಲ್ಲ ನಮ್ಮ ಕಡೆಯವು. ಆದರೆ ಕಂಪನಿ ಕೊಟ್ಟ ಹೆಣ್ಣು ಬೀಜದಲ್ಲೇ ಬೆರಕೆ ಇದ್ದರೆ? ಗಂಡು ಸಾಲಿನಲ್ಲಿ ಬೇರೆ ತಳಿಯ ಗಿಡ ಇದ್ದರೆ? ಆಗ ನಿಮ್ಮ ಅಮ್ಮ ಎಷ್ಟೇ ಚೆಂದ ಮಾಡಿದರೂ ಲಾಟ್ ಕೆಡುತ್ತದೆ. ಎರಡಕ್ಕೂ ಫಲಿತಾಂಶದ ಕಾಗದದಲ್ಲಿ ಬರುವುದು 'ಫೇಲ್' ಒಂದೇ. ಯಾವ ತರಹದ ಬೆರಕೆ ಅಂತ ಕೇಳಿ. ಹೆಣ್ಣು ಗಿಡದಂಥದ್ದೇ ಬಂದಿದ್ದರೆ ಸೆಲ್ಫ್, ನಮ್ಮ ಕೈಯ ದೋಷ. ಎರಡಕ್ಕೂ ಸಂಬಂಧವಿಲ್ಲದ ಮೂರನೇ ತರಹದ ಗಿಡ ಇದ್ದರೆ ಕೊಟ್ಟ ಮೂಲಬೀಜದ ಕಡೆ ಬೊಟ್ಟು ಮಾಡಬಹುದು, ಇಲ್ಲಾ ಪಕ್ಕದ ಹೊಲದಿಂದ ಜೇನು ಹೊತ್ತು ತಂದ ಪರಾಗ. ಈ ಒಂದು ಪ್ರಶ್ನೆ ಕೇಳುವ ರೈತರನ್ನ ನಾನು ಕಂಡಿದ್ದು ಬಹಳ ಕಡಿಮೆ. ಕೇಳಿದಾಗ ಆಫೀಸಿನವರ ಮುಖ ನೋಡಬೇಕಿತ್ತು.

ಮುಂದಿನ ಸಲ ಬೀಜ ಕೊಡುವ ದಿನವೇ ಸ್ಯಾಂಪಲ್ ಮೂರು ಭಾಗ ಮಾಡಿಸಿ. ಒಂದು ಕಂಪನಿಗೆ, ಒಂದು ಆರ್ಗನೈಸರ್‌ಗೆ, ಒಂದು ನಿಮ್ಮ ಮನೆಗೆ. ಮೂರಕ್ಕೂ ಲಾಟ್ ನಂಬರ್, ತಾರೀಕು, ಇಬ್ಬರ ಸಹಿ, ಅರಗಿನ ಸೀಲು. ಒಪ್ಪಂದದ ಪ್ರತಿ ಕನ್ನಡದಲ್ಲಿ ತೆಗೆದುಕೊಳ್ಳಿ. ಕೊಟ್ಟ ಮೂಲಬೀಜದ ಖಾಲಿ ಪ್ಯಾಕೆಟ್ ಬಿಸಾಡಬೇಡಿ, ಅದರಲ್ಲಿ ಹತ್ತು ಕಾಳು ಹಾಗೇ ಇಟ್ಟುಕೊಳ್ಳಿ.

—

ವಖಾರಿ ಗುಮಾಸ್ತ (ಬ್ಯಾಡಗಿ):

ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನಮ್ಮ ಪೇಟೆಯ ಕಥೆಯೂ ಹೆಚ್ಚು ಕಮ್ಮಿ ಇದೇ, ಬೀಜದ ಬದಲು ಬಣ್ಣ.

ಬ್ಯಾಡಗಿ ಮೆಣಸಿನಕಾಯಿ ಖಾರಕ್ಕೆ ಹೆಸರಾದದ್ದಲ್ಲ, ಬಣ್ಣಕ್ಕೆ. 2011ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿತು. ಅದರಲ್ಲಿ ಡಬ್ಬಿ, ಕಡ್ಡಿ ಎರಡೂ ಬಗೆ ಮಸಾಲೆಗೆ ಹೋಗುತ್ತವೆ, ಓಲಿಯೊರೆಸಿನ್ ಫ್ಯಾಕ್ಟರಿಗೂ ಹೋಗುತ್ತವೆ. ಅಲ್ಲಿ ದ್ರಾವಕ ಹಾಕಿ ಕೆಂಪು ಎಣ್ಣೆ ತೆಗೆಯುತ್ತಾರೆ. ತಿಂಡಿಗೂ ಅದೇ, ಲಿಪ್‌ಸ್ಟಿಕ್‌ಗೂ ಅದೇ. ಅಲ್ಲಿ ರೇಟ್ ನಡೆಯುವುದು ಕಿಲೋ ಮೇಲೆ ಅಷ್ಟೇ ಅಲ್ಲ, 'ಆಸ್ಟಾ' ನಂಬರ್ ಮೇಲೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಅಳತೆ ಅದು. ಪುಡಿಯನ್ನ ಅಸಿಟೋನಿನಲ್ಲಿ ಹಾಕಿ 16 ಗಂಟೆ ಕತ್ತಲಲ್ಲಿ ಇಡುತ್ತಾರೆ. ಆಮೇಲೆ 460 ನ್ಯಾನೊಮೀಟರಿನ ಬೆಳಕು ಹಾಯಿಸಿ ಎಷ್ಟು ಹೀರಿಕೊಂಡಿತು ನೋಡುತ್ತಾರೆ. ಹೆಚ್ಚು ಹೀರಿದಷ್ಟು ಹೆಚ್ಚು ಬಣ್ಣ, ಹೆಚ್ಚು ದುಡ್ಡು.

ಈಗ ನಮ್ಮ ಮಾರ್ಕೆಟ್‌ಗೆ ಬನ್ನಿ. ಸೋಮವಾರ, ಗುರುವಾರ ಪೇಟೆ. ರಾತ್ರಿಯಿಂದ ಗಾಡಿ ಬರುತ್ತವೆ, ಅಂಗಡಿ ಮುಂದೆ ಚೀಲ ಬಿಚ್ಚಿ ಇಟ್ಟಿರುತ್ತಾರೆ. ಖರೀದಿದಾರ ಬಂದು ಒಂದು ಹಿಡಿ ತೆಗೆದು ಮುರಿಯುತ್ತಾನೆ. ಸದ್ದು ಕೇಳುತ್ತಾನೆ, ತೊಟ್ಟು ನೋಡುತ್ತಾನೆ, ಒಮ್ಮೆ ಮೂಸುತ್ತಾನೆ. ಅಷ್ಟೇ. ಆಮೇಲೆ ಕಂಪ್ಯೂಟರಿನಲ್ಲಿ ಟೆಂಡರ್ ಹಾಕುತ್ತಾನೆ, ಅವತ್ತೇ ರೇಟ್ ಬರುತ್ತದೆ. ಇ-ಟೆಂಡರ್ ಬಂದಿದ್ದು ಒಳ್ಳೆಯದೇ ಆಯಿತು, ಇಲ್ಲ ಅನ್ನಲ್ಲ. ಮುಂಚೆ ಟವೆಲ್ ಕೆಳಗೆ ಬೆರಳು ಹಿಡಿದು ಆಗುತ್ತಿದ್ದ ವ್ಯವಹಾರ ಈಗ ಸ್ಕ್ರೀನ್ ಮೇಲೆ ಕಾಣುತ್ತದೆ. ಯಾರು ಎಷ್ಟು ಹಾಕಿದ ಅಂತ ರೈತನಿಗೆ ಗೊತ್ತಾಗುತ್ತದೆ, ಬೇಡ ಅಂದರೆ ಮಾಲು ಇಟ್ಟುಕೊಳ್ಳಬಹುದು.

ಆದರೆ ಗಮನಿಸಿ. ಟೆಂಡರ್ ಅವತ್ತೇ ಮುಗಿಯುತ್ತದೆ, ಬಣ್ಣದ ಟೆಸ್ಟ್‌ಗೆ ನೆನೆಸೋಕೇ 16 ಗಂಟೆ ಬೇಕು. ಹಾಗಾಗಿ ರೈತ ಮಾರುವುದು ಕಣ್ಣಳತೆ ಮೇಲೆ, ಫ್ಯಾಕ್ಟರಿ ಮುಂದೆ ಮಾರುವುದು ನಂಬರ್ ಮೇಲೆ. ನಡುವೆ ಇರುವ ಅಂತರ ಯಾರ ಜೇಬಿಗೆ ಹೋಗುತ್ತದೆ ನೀವೇ ಯೋಚನೆ ಮಾಡಿ. ನಾನು ದಲಾಲಿ ಅಂಗಡಿಯಲ್ಲಿ ಪಗಾರ ತಗೊಳ್ಳುವವನು, ಇದಕ್ಕಿಂತ ಜಾಸ್ತಿ ಬರೆಯೋದು ಬೇಡ.

ಕೋಲ್ಡ್ ಸ್ಟೋರೇಜ್ ವಿಷಯವೂ ಹೀಗೇ. ಬಿಸಿಲು, ಶೆಖೆ, ಗಾಳಿ ತಾಕಿದರೆ ಬಣ್ಣ ಇಳಿಯುತ್ತದೆ. ತಂಪಿನಲ್ಲಿಟ್ಟರೆ ನಿಲ್ಲುತ್ತದೆ. ನಮ್ಮ ಊರ ಸುತ್ತ ಬೇಕಾದಷ್ಟು ಕೋಲ್ಡ್ ಸ್ಟೋರೇಜ್ ಇವೆ. ಬಾಡಿಗೆ ಕಟ್ಟಿ ಕಾಯುವ ತಾಕತ್ತು ಇದ್ದವನಿಗೆ ಅದು ವರ. ಸೊಸೈಟಿ ಸಾಲ ತಲೆ ಮೇಲೆ ಇದ್ದವನು ಅವತ್ತೇ ಮಾರಬೇಕು. 2024ರ ಮಾರ್ಚ್‌ನಲ್ಲಿ ಒಂದೇ ದಿನಕ್ಕೆ ರೇಟ್ ಬಿದ್ದಾಗ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ಗಾಡಿಗಳು ಸುಟ್ಟವು. ಅದನ್ನ ಸರಿ ಅನ್ನಲ್ಲ. ಆದರೆ ಅವತ್ತು ಚೀಲ ಹೊತ್ತು ಬಂದವರಿಗೆ ಕಾಯುವ ದಾರಿ ಎಷ್ಟಿತ್ತು ಅನ್ನೋದೂ ಕೇಳಬೇಕಲ್ವಾ.

ರೈತರೂ ಎಲ್ಲರೂ ಸಾಚಾ ಅಂತೇನಿಲ್ಲ, ತೂಕಕ್ಕೆ ನೀರು ಚಿಮುಕಿಸಿ ತರುವವರಿದ್ದಾರೆ.

—

ಬೆಟಗೇರಿ ಕಟ್ಟೆ (ಗದಗ):

ಇದೆಲ್ಲ ಯಾಕೆ ಬೇಕು? ಜವಾರಿ ಹತ್ತಿ ಹಾಕಿ. ಜಯಧರ್ ಬಿತ್ತಿದವರಿಗೆ ಬೀಜವೂ ಮನೆಯದೇ, ಔಷಧಿ ಖರ್ಚೂ ಇಲ್ಲ.

—

ಹೊಳೆಸಾಲು:

ಕಟ್ಟೆಯವರೇ, ಜಯಧರ್ ಕೂಡ ಸಂಶೋಧಕರು ಆರಿಸಿ ಬಿಡುಗಡೆ ಮಾಡಿದ ತಳಿಯೇ. ಒಣಭೂಮಿಗೆ ಅದು ಒಳ್ಳೆಯದು, ಸರಿ. ನಮ್ಮದು ಎರಡು ಎಕರೆ ನೀರಾವರಿ. ಬೀಜದ ಪ್ಲಾಟಿನಲ್ಲಿ ಬರುವ ದುಡ್ಡು ಅದರಲ್ಲಿ ಬರಲ್ಲ. ಮೇಲಾಗಿ ಸೀಸನ್‌ನಲ್ಲಿ ಓಣಿಯ ಹೆಂಗಸರಿಗೆಲ್ಲ ಕೆಲಸ ಇರುವುದು ಇದರಿಂದಲೇ. ಬಿಡುವ ಯೋಚನೆ ಇಲ್ಲ.

—

ಬೆಟಗೇರಿ ಕಟ್ಟೆ:

ಆಯ್ತು ಬಿಡಿ, ಬಿಡೋದು ಬೇಡ. ಹಾಗಾದರೆ ಒಬ್ಬೊಬ್ಬರೇ ಟೆಸ್ಟ್‌ಗೆ ಓಡಾಡಬೇಡಿ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನ ಸೇರಿಸಿ ಸಹಕಾರಿ ಸಂಘ ಕಟ್ಟಿದರು, ದೇಶಕ್ಕೇ ಮೊದಲ ಸಾಲಿನದು. ಅವತ್ತು ಸಾಹುಕಾರನ ಬಡ್ಡಿ ತಪ್ಪಿಸೋಕೆ. ಇವತ್ತು ನೀವು ಇಪ್ಪತ್ತು ಮಂದಿ ಬೀಜದ ಪ್ಲಾಟಿನವರು ಸೇರಿ ಟೆಸ್ಟಿನ ಫೀ ಹಂಚಿಕೊಂಡರೆ ಏನು ಕಷ್ಟ? ಒಬ್ಬ ಫೋನ್ ಮಾಡಿದರೆ ಆರ್ಗನೈಸರ್ ಎತ್ತಲ್ಲ, ಇಪ್ಪತ್ತು ಮಂದಿ ಗೇಟಿಗೆ ಹೋದರೆ ಚಹಾ ಕೊಡುತ್ತಾನೆ.

—

ಲ್ಯಾಬ್ ಕೋಟು (ಧಾರವಾಡ):

ನಾನು ಬೀಜ ತಂತ್ರಜ್ಞಾನ ಓದಿದವಳು, ಮಾರ್ಕರ್ ಟೆಸ್ಟ್ ಕೈಯಾರೆ ಮಾಡುತ್ತೇನೆ. ಮೊದಲ ಪ್ರಶ್ನೆಗೆ ಉತ್ತರ: ಮಾಡಿಸಬಹುದು. ಆದರೆ ಎರಡು ತರಹದ ಟೆಸ್ಟ್ ಇವೆ, ಗೊಂದಲ ಮಾಡಿಕೊಳ್ಳಬೇಡಿ.

ಒಂದು, ಜಿಒಟಿ, ಅಂದರೆ ಗ್ರೋ ಔಟ್ ಟೆಸ್ಟ್. ಬೀಜ ಬಿತ್ತಿ, ಗಿಡ ಬೆಳೆಸಿ, ಎಲೆ, ಹೂವು, ಕಾಯಿ ನೋಡಿ ಬೆರಕೆ ಎಣಿಸುವುದು. ಇದಕ್ಕೆ ಒಂದು ಸೀಸನ್ನೇ ಬೇಕು. ನಿಮಗೆ ತಿಂಗಳುಗಟ್ಟಲೆ ತಡವಾಗಿದ್ದು ಇದಕ್ಕೇ ಇರಬೇಕು. ಇನ್ನೊಂದು ಡಿಎನ್‌ಎ ಮಾರ್ಕರ್. ಮೊಳಕೆಯ ಎಲೆಯಿಂದ ಡಿಎನ್‌ಎ ತೆಗೆದು ಪಿಸಿಆರ್ ಮಾಡಿ (ಡಿಎನ್‌ಎಯ ಬೇಕಾದ ತುಣುಕಿನ ಪ್ರತಿಗಳನ್ನ ಹೆಚ್ಚಿಸಿ) ಜೆಲ್ ಮೇಲೆ ಓಡಿಸುತ್ತೇವೆ. ತಾಯಿಯದು ಒಂದು ಎತ್ತರದಲ್ಲಿ ಗೆರೆ, ತಂದೆಯದು ಇನ್ನೊಂದು ಎತ್ತರದಲ್ಲಿ. ಸರಿಯಾದ ಹೈಬ್ರಿಡ್‌ನಲ್ಲಿ ಎರಡೂ ಗೆರೆ ಕಾಣುತ್ತವೆ. ಸೆಲ್ಫ್ ಆದದ್ದರಲ್ಲಿ ತಾಯಿಯ ಗೆರೆ ಮಾತ್ರ. ಎರಡೂ ಅಲ್ಲದ ಎತ್ತರದಲ್ಲಿ ಗೆರೆ ಬಂದರೆ ಮೇಲೆ ಹಿರಿಯರು ಹೇಳಿದ ಮೂರನೇ ತರಹದ ಬೆರಕೆ. ಮೊಳಕೆ ಬಂದ ಮೇಲೆ ಕೆಲವೇ ದಿನದ ಕೆಲಸ.

ತೊಡಕು ಏನಂದರೆ, ಹೋಲಿಸಿ ನೋಡೋಕೆ ತಾಯಿ ಮತ್ತು ತಂದೆ ತಳಿಯ ಬೀಜ ಬೇಕು. ಅದು ಕಂಪನಿಯ ಗುಟ್ಟು. ಅದಕ್ಕೇ ಮೂಲಬೀಜದ ಹತ್ತು ಕಾಳು ಇಟ್ಟುಕೊಳ್ಳಿ ಅಂದ ಮಾತಿಗೆ ಅಷ್ಟು ಬೆಲೆ. ಎರಡೂ ಪ್ಯಾಕೆಟ್‌ನಿಂದ, ಬೇರೆ ಬೇರೆಯಾಗಿ. ಆದರೆ ಒಪ್ಪಂದದಲ್ಲಿ ಮೂಲಬೀಜ ಇಟ್ಟುಕೊಳ್ಳಬಾರದು ಅಂತ ಇರಬಹುದು, ಮೊದಲು ಓದಿ. ಹಾಗಿದ್ದರೆ ಅದನ್ನೂ ಇಬ್ಬರ ಸಹಿ ಹಾಕಿ ಸೀಲ್ ಮಾಡಿ ಇಡೋಣ ಅಂತ ಅವರನ್ನೇ ಕೇಳಿ.

ಇನ್ನೊಂದು ಲೆಕ್ಕ. ಪ್ರಮಾಣೀಕೃತ ಹತ್ತಿ ಹೈಬ್ರಿಡ್‌ಗೆ ಸರ್ಕಾರದ ಕನಿಷ್ಠ ಶುದ್ಧತೆ ಶೇ 90. ಬೇರೆ ಹಲವು ಹೈಬ್ರಿಡ್‌ಗಳಿಗೆ ಶೇ 95. ಕಂಪನಿಗಳು ಒಪ್ಪಂದದಲ್ಲಿ ಇದಕ್ಕಿಂತ ಮೇಲಿನದನ್ನ ಬರೆದುಕೊಳ್ಳುತ್ತವೆ, ಅದು ಅವರ ವ್ಯಾಪಾರ. ನಿಮ್ಮ ಒಪ್ಪಂದದಲ್ಲಿ ಯಾವ ಅಂಕಿ ಇದೆ, ನಿಮ್ಮ ಲಾಟಿಗೆ ಎಷ್ಟು ಬಂತು, ಎಷ್ಟು ಗಿಡ ನೋಡಿದರು, ಈ ಮೂರನ್ನ ಲಿಖಿತವಾಗಿ ಕೇಳಿ. ಗಿಡದ ಸಂಖ್ಯೆ ಯಾಕೆ ಅಂದರೆ, ಬೀಜ ಪರೀಕ್ಷೆಯ ನಿಯಮದಲ್ಲಿ ಕನಿಷ್ಠ ಎಷ್ಟು ಗಿಡ ನೋಡಬೇಕು ಅಂತ ಇದೆ. ಕಡಿಮೆ ಗಿಡ ನೋಡಿದಷ್ಟೂ ನಾಲ್ಕೈದು ಗಿಡ ಆ ಕಡೆ ಈ ಕಡೆ ಆದರೆ ಇಡೀ ಲಾಟಿನ ಫಲಿತಾಂಶ ತಿರುಗಿಬಿಡುತ್ತದೆ. ಗಡಿಯಲ್ಲಿ ಫೇಲ್ ಆಗಿದ್ದರೆ ಮರುಪರೀಕ್ಷೆ ಕೇಳೋಕೆ ಇದು ಗಟ್ಟಿ ಕಾರಣ.

ಒಪ್ಪುತ್ತಾರಾ ಅಂತ ಕೇಳಿದ್ದಿರಿ. ಒಪ್ಪಂದದಲ್ಲಿ 'ಕಂಪನಿಯ ಫಲಿತಾಂಶವೇ ಅಂತಿಮ' ಅಂತ ಇದ್ದರೆ ಕಷ್ಟ. ಸಹಿ ಹಾಕುವ ಮುಂಚೆ ಆ ಸಾಲು ತೆಗೆಸಿ, 'ವಿವಾದ ಬಂದರೆ ಇಬ್ಬರೂ ಒಪ್ಪಿದ ಮೂರನೇ ಲ್ಯಾಬ್' ಅಂತ ಹಾಕಿಸಿ. ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕ ಧಾರವಾಡದಲ್ಲೇ ಇದೆ, ನಿಮಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇನ್ನೂ ಹತ್ತಿರ. ಮೊದಲು ಅಲ್ಲಿಗೆ ಹೋಗಿ, ಎಲ್ಲಿ ಟೆಸ್ಟ್ ಆಗುತ್ತದೆ, ಫೀ ಎಷ್ಟು ಅಂತ ಕೇಳಿ.

—

ಹೊಳೆಸಾಲು:

ಎಲ್ಲರಿಗೂ ಥ್ಯಾಂಕ್ಸ್. ಬೆರಕೆ ಯಾವ ತರಹದ್ದು ಅಂತ ಇವತ್ತೇ ಮೆಸೇಜ್ ಹಾಕಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ. ಓಣಿಯಲ್ಲಿ ಪ್ಲಾಟ್ ಮಾಡುವವರನ್ನ ಭಾನುವಾರ ಸೇರಿಸುತ್ತೇನೆ. ಗುಮಾಸ್ತರು ಹೇಳಿದ 16 ಗಂಟೆ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ನಮಗೆ ಬಣ್ಣವೂ ತಡ, ಬೀಜವೂ ತಡ, ಕೂಲಿ ಮಾತ್ರ ಅವತ್ತಿಂದವತ್ತೇ ಅಂದರು.

ಒಂದು ಸಣ್ಣ ಡೌಟು. ಸ್ಯಾಂಪಲ್ ಇಡೋಕೆ ಜಿಪ್ ಇರುವ ಪ್ಲಾಸ್ಟಿಕ್ ಕವರ್ ನಡೆಯುತ್ತದಾ?

—

ಲ್ಯಾಬ್ ಕೋಟು:

ಬೇಡ. ಬೀಜದಲ್ಲಿ ತೇವ ಇದ್ದರೆ ಒಳಗೇ ಬೆವತು ಬೂಸ್ಟು ಬರುತ್ತದೆ. ಚೆನ್ನಾಗಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ, ಒಳಗೊಂದು ಹೊರಗೊಂದು ಚೀಟಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಹರಡುತ್ತದೆ.