14 ಕಾಲೇಜು, ಒಂದೇ ವಾರದ ರಜೆ: ಹೇಗೆ ನೋಡಿ ಮುಗಿಸುವುದು?

ದಾರಿಬುತ್ತಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗಳು 11ನೇ ಗ್ರೇಡ್. ಕಂಪ್ಯೂಟರ್ ಸೈನ್ಸ್ ಇಲ್ಲವೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವ ಆಸೆ. ಏಪ್ರಿಲ್‌ನಲ್ಲಿ ಒಂದು ವಾರ ರಜೆ ಇದೆ, ಆಗ ಕಾಲೇಜುಗಳನ್ನು ನೋಡಿಕೊಂಡು ಬರೋಣ ಅಂತಿದ್ದೇವೆ. ಪಟ್ಟಿಯಲ್ಲಿ ಬಾಸ್ಟನ್ ಕಡೆಯ ನಾಲ್ಕು, ಪಿಟ್ಸ್‌ಬರ್ಗಿನ ಎರಡು, ಇಂಡಿಯಾನಾದ ಪರ್ಡ್ಯೂ, ನಮ್ಮ ರಾಜ್ಯದ್ದೇ ಆದ ರಟ್ಗರ್ಸ್, ಯುಸಿ ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸುಗಳೇ ಆರು, ಒಟ್ಟು 14.

ಹದಿನಾಲ್ಕನ್ನೂ ನೋಡಲೇಬೇಕೆ? ದಿನಕ್ಕೆ ಎಷ್ಟು ಆದೀತು? ಖುದ್ದಾಗಿ ಹೋಗದಿದ್ದರೆ ಅಡ್ಮಿಷನ್ನಿಗೆ ಪೆಟ್ಟು ಬೀಳುತ್ತದೆಯೇ? ಟೂರಿನಲ್ಲಿ ಎಲ್ಲ ಕಾಲೇಜೂ ಚೆಂದವೇ ಕಾಣುತ್ತದಲ್ಲ, ಹಾಗಾದರೆ ನಾವು ನಿಜಕ್ಕೂ ನೋಡಬೇಕಾದ್ದು ಏನನ್ನು? ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

ಹೊಂಗೆನೆರಳು:

ಟಿಕೆಟ್ ಬುಕ್ ಮಾಡುವ ಮೊದಲು ಮನೆಯಲ್ಲೇ ಕೂತು ಮಾಡುವ ಕೆಲಸ ಎರಡಿವೆ. ಅವು ಮುಗಿಯುವಷ್ಟರಲ್ಲಿ ಪಟ್ಟಿ ತಾನಾಗಿ ಇಳಿಯುತ್ತದೆ.

ಮೊದಲನೆಯದು ದುಡ್ಡಿನ ಲೆಕ್ಕ. ಫೆಡರಲ್ ನೆರವಿನ ವ್ಯವಸ್ಥೆಯಲ್ಲಿರುವ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನಿಮಗೆ ಬೀಳುವ ಖರ್ಚಿನ ಅಂದಾಜು ಕೊಡುವ ಪುಟ) ಇಡಬೇಕೆಂಬುದು 2011ರಿಂದ ಕಡ್ಡಾಯ. ಟ್ಯಾಕ್ಸ್ ರಿಟರ್ನ್ ಮತ್ತು ಬ್ಯಾಂಕು, ಹೂಡಿಕೆಗಳ ವಿವರ ಪಕ್ಕದಲ್ಲಿಟ್ಟುಕೊಂಡರೆ ಒಂದೊಂದಕ್ಕೆ ಕಾಲು ಗಂಟೆ ಸಾಕು. ಹೊರರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಂದಲೇ ಶುರು ಮಾಡಿ. ಹೊರರಾಜ್ಯದವರಿಗೆ ಯುಸಿಯಲ್ಲಿ ಆದಾಯ ನೋಡಿ ಕೊಡುವ ನೆರವು ಸಿಗುವುದು ತೀರಾ ಅಪರೂಪ. ಮಗಳು ಕ್ಯಾಂಪಸ್ ನೋಡಿ ಮನಸ್ಸು ಕೊಟ್ಟ ಮೇಲೆ ‘ಇದು ನಮ್ಮ ಕೈಲಾಗಲ್ಲ ಪುಟ್ಟಾ’ ಅನ್ನುವುದಕ್ಕಿಂತ, ಈಗಲೇ ಅವಳನ್ನೂ ಕೂರಿಸಿಕೊಂಡು ಅಂಕಿ ನೋಡಿ.

ಎರಡನೆಯದು, ಬೇಕಾದ ಮೇಜರ್, ಅಂದರೆ ಮುಖ್ಯ ವಿಷಯದ ಒಳಗೆ ಹೋಗುವ ದಾರಿ. ಇದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಬಾಸ್ಟನ್ ಕಡೆಯ ಎಂಐಟಿಯಲ್ಲಿ ಮೊದಲ ವರ್ಷ ಯಾರಿಗೂ ಮೇಜರ್ ಇಲ್ಲ, ವರ್ಷದ ಕೊನೆಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು, ಅದಕ್ಕೆ ಮತ್ತೊಂದು ಸ್ಪರ್ಧೆ ಇಲ್ಲ. ಪರ್ಡ್ಯೂದಲ್ಲಿ ಕಂಪ್ಯೂಟರ್ ಸೈನ್ಸ್ ಇರುವುದು ಕಾಲೇಜ್ ಆಫ್ ಸೈನ್ಸ್‌ನಲ್ಲಿ, ಎಲೆಕ್ಟ್ರಿಕಲ್ ಇರುವುದು ಎಂಜಿನಿಯರಿಂಗ್‌ನಲ್ಲಿ. ಎಂಜಿನಿಯರಿಂಗ್‌ಗೆ ಸೇರಿದವರೆಲ್ಲ ಮೊದಲು ಫಸ್ಟ್ ಇಯರ್ ಎಂಜಿನಿಯರಿಂಗ್ ಮುಗಿಸಿ ಆಮೇಲೆ ಶಾಖೆಗೆ ಹೋಗಬೇಕು. ಕಾರ್ನೆಗಿ ಮೆಲನ್‌ನಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಪ್ರತ್ಯೇಕ ಸ್ಕೂಲ್ ಇದೆ, ಬೇರೆ ವಿಭಾಗಕ್ಕೆ ಸೇರಿ ಆಮೇಲೆ ಅಲ್ಲಿಗೆ ದಾಟುವುದು ಬಲು ಕಷ್ಟ. ಎರಡು ವಿಷಯಗಳ ನಡುವೆ ತೂಗಾಡುತ್ತಿರುವ ಹುಡುಗಿಗೆ ಹಾಸ್ಟೆಲ್, ಲೈಬ್ರರಿಗಳಿಗಿಂತ ಇದು ದೊಡ್ಡ ವಿಷಯ. ‘ಮೊದಲು ಸೇರಿಕೊಂಡು ಆಮೇಲೆ ಬದಲಾಯಿಸಿಕೊಂಡರಾಯ್ತು’ ಅಂದುಕೊಂಡೇ ಬಹಳ ಮನೆಗಳಲ್ಲಿ ಲೆಕ್ಕ ತಪ್ಪುತ್ತದೆ.

ಇನ್ನು ಹೋಗದಿದ್ದರೆ ಪೆಟ್ಟು ಬೀಳುತ್ತದೆಯೇ ಅನ್ನುವುದು. ಊಹೆ ಬೇಡ, ಕಾಲೇಜಿನ ಹೆಸರಿನ ಜತೆ ‘ಕಾಮನ್ ಡೇಟಾ ಸೆಟ್’ ಅಂತ ಹುಡುಕಿ, ಅದು ಕಾಲೇಜೇ ಪ್ರಕಟಿಸುವ ಅಂಕಿಅಂಶಗಳ ಕಡತ. ಅದರಲ್ಲಿ ಸಿ7 ಅನ್ನುವ ಕೋಷ್ಟಕ ಇರುತ್ತದೆ. ವಿದ್ಯಾರ್ಥಿ ತೋರಿಸುವ ಆಸಕ್ತಿಗೆ ಅಲ್ಲೊಂದು ಸಾಲು. ‘ಪರಿಗಣಿಸುವುದಿಲ್ಲ’ ಕಾಲಮ್ಮಿನಲ್ಲಿ ಗುರುತಿದ್ದರೆ ಹೋಗುವುದು ನಿಮ್ಮ ಸಮಾಧಾನಕ್ಕೆ ಮಾತ್ರ. ಯುಸಿ ಕ್ಯಾಂಪಸ್ಸುಗಳು, ಎಂಐಟಿ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ದೂರದ ಆ ಆರು ಯುಸಿಗಳನ್ನು ಈ ಪ್ರವಾಸದಿಂದ ಬಿಟ್ಟುಬಿಡಿ. ಸೀಟು ಸಿಕ್ಕರೆ ಮುಂದಿನ ವರ್ಷ ಏಪ್ರಿಲ್‌ನಲ್ಲಿ, ಮೇ 1ರ ಡೆಪಾಸಿಟ್ ಗಡುವಿಗೆ ಮೊದಲು, ಸಿಕ್ಕ ಒಂದೆರಡನ್ನು ಮಾತ್ರ ನೋಡಿ ಬಂದರಾಯಿತು.

ಮೂರುದಾರಿ:

ಹೊಂಗೆನೆರಳು ಅವರ ಮಾತು ಸರಿ. ಉಳಿದ ಎಂಟರ ವೇಳಾಪಟ್ಟಿ ಬಗ್ಗೆ ನಾನು ಹೇಳುತ್ತೇನೆ.

ಇನ್ಫರ್ಮೇಷನ್ ಸೆಷನ್ 45ರಿಂದ 60 ನಿಮಿಷ, ನಡಿಗೆಯ ಟೂರ್ 60ರಿಂದ 90 ನಿಮಿಷ. ಪಾರ್ಕಿಂಗ್ ಹುಡುಕುವುದು, ಚೆಕ್-ಇನ್ ಸೇರಿದರೆ ಒಂದು ಕಾಲೇಜಿಗೆ ಮೂರು ಗಂಟೆ ಹೋಯಿತು. ನಿಮ್ಮ ಪಾಡಿಗೆ ನೀವು ಸುತ್ತಾಡಲು ಇನ್ನೊಂದು ಗಂಟೆ ಬೇಕೇಬೇಕು. ಆದ್ದರಿಂದ ದಿನಕ್ಕೆ ಎರಡೇ, ಅದೂ ನಡುವಿನ ದಾರಿ ಅರ್ಧ ಗಂಟೆಯೊಳಗಿದ್ದರೆ. ಮೂರನೆಯದನ್ನು ತುರುಕಿದರೆ ಸಂಜೆಗೆ ಮಕ್ಕಳಿಗೆ ಕಾಲುನೋವು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ದಿನಾಂಕ ಗೊತ್ತುಮಾಡುವ ಮೊದಲು ಪ್ರತಿ ಕಾಲೇಜಿನ ಅಕಾಡೆಮಿಕ್ ಕ್ಯಾಲೆಂಡರ್ ತೆಗೆದು ನೋಡಿ. ತರಗತಿ ನಡೆಯುತ್ತಿರುವ ದಿನ ಹೋಗದಿದ್ದರೆ ಖಾಲಿ ಕಟ್ಟಡ ನೋಡಿ ಬಂದಂತೆ. ಏಪ್ರಿಲ್ ಮೂರನೇ ಸೋಮವಾರ ಮ್ಯಾಸಚೂಸೆಟ್ಸ್‌ನಲ್ಲಿ ಪೇಟ್ರಿಯಟ್ಸ್ ಡೇ. ಬಾಸ್ಟನ್ ಮ್ಯಾರಥಾನ್ ಅವತ್ತೇ, ರಸ್ತೆಗಳು ಬಂದ್, ಕಾಲೇಜುಗಳಿಗೂ ಸಾಮಾನ್ಯವಾಗಿ ರಜೆ. ಕಾರ್ನೆಗಿ ಮೆಲನ್‌ನಲ್ಲಿ ಏಪ್ರಿಲ್‌ನಲ್ಲೇ ಸ್ಪ್ರಿಂಗ್ ಕಾರ್ನಿವಲ್ ಬರುತ್ತದೆ, ಆಗಲೂ ತರಗತಿ ಇರುವುದಿಲ್ಲ. ಏಪ್ರಿಲ್ ತುಂಬ ಸೀಟು ಸಿಕ್ಕವರಿಗೆಂದೇ ಕಾರ್ಯಕ್ರಮಗಳಿರುವುದರಿಂದ ಉಳಿದವರ ಟೂರ್ ಸ್ಲಾಟು ಕಡಿಮೆ, ಇರುವವೂ ವಾರಗಟ್ಟಲೆ ಮೊದಲೇ ತುಂಬುತ್ತವೆ. ಫೆಬ್ರವರಿಯಿಂದಲೇ ನೋಡುತ್ತಿರಿ. ಸೆಷನ್ನಿನ ಹೊತ್ತು ಅಲ್ಲಿನ ಸ್ಥಳೀಯ ಸಮಯದಲ್ಲಿರುತ್ತದೆ, ಪಶ್ಚಿಮದ ಕಾಲೇಜುಗಳ ಆನ್‌ಲೈನ್ ಸೆಷನ್ ನೋಡುವಾಗ ಇದು ನೆನಪಿರಲಿ.

ರಿಜಿಸ್ಟರ್ ಮಾಡುವಾಗ ಆಗುವ ತಪ್ಪು ಒಂದಿದೆ. ಅಪ್ಪನೋ ಅಮ್ಮನೋ ತಮ್ಮ ಇಮೇಲ್ ಕೊಟ್ಟುಬಿಡುತ್ತಾರೆ. ಮಗಳ ಹೆಸರು, ಮಗಳ ಇಮೇಲ್, ಅದೂ ಮುಂದೆ ಕಾಮನ್ ಆ್ಯಪ್‌ನಲ್ಲಿ (ಹಲವು ಕಾಲೇಜಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟು) ಬಳಸುವ ಇಮೇಲ್ಲೇ ಇರಬೇಕು. ಇಲ್ಲದಿದ್ದರೆ ಆಸಕ್ತಿ ಲೆಕ್ಕ ಹಾಕುವ ಕಾಲೇಜಿನಲ್ಲಿ ಈ ಭೇಟಿ ಅವಳ ಅರ್ಜಿಗೆ ತಾಳೆಯಾಗುವುದು ಕಷ್ಟ. ಹೋದ ದಿನ ಕೌಂಟರಿನಲ್ಲಿ ಚೆಕ್-ಇನ್ ಮಾಡಿಸಿಕೊಳ್ಳಿ. ಎಂಜಿನಿಯರಿಂಗ್ ವಿಭಾಗಕ್ಕೆ ಬಹಳ ಕಡೆ ಬೇರೆಯೇ ಸೆಷನ್, ಬೇರೆಯೇ ರಿಜಿಸ್ಟ್ರೇಷನ್. ಪರ್ಡ್ಯೂಗೆ ಹೋದರೆ ಸೈನ್ಸ್‌ದೂ ನೋಡಿ, ಎಂಜಿನಿಯರಿಂಗ್‌ದೂ ನೋಡಿ.

ನಿಮ್ಮ ಮಾರ್ಗ ಹೀಗೆ ಮಾಡಬಹುದು. ರಟ್ಗರ್ಸ್ ಮನೆ ಹತ್ತಿರವೇ ಇದೆ, ಅದನ್ನು ಮಾರ್ಚಿನ ಒಂದು ದಿನ ಮುಗಿಸಿಬಿಡಿ. ಮೊದಲನೇ ಕಾಲೇಜಿನಲ್ಲಿ ಏನು ಕೇಳಬೇಕೆಂದೇ ಹೊಳೆಯುವುದಿಲ್ಲ, ಆ ಅಭ್ಯಾಸ ಅಲ್ಲೇ ಆಗಲಿ. ರಜೆಯಲ್ಲಿ ಬಾಸ್ಟನ್ನಿಗೆ ಎರಡು ಪೂರ್ತಿ ದಿನ. ಅಲ್ಲಿ ಕಾರು ಹೊರಗೇ ನಿಲ್ಲಿಸಿ ‘ಟಿ’ ರೈಲು ಹಿಡಿಯಿರಿ: ಎಂಐಟಿಗೆ ರೆಡ್ ಲೈನಿನ ಕೆಂಡಲ್, ಬಾಸ್ಟನ್ ಯೂನಿವರ್ಸಿಟಿಗೆ ಗ್ರೀನ್ ಲೈನಿನ ಬಿ ಶಾಖೆ, ನಾರ್ತ್‌ಈಸ್ಟರ್ನ್‌ಗೆ ಇ ಶಾಖೆ, ಟಫ್ಟ್ಸ್‌ಗೂ 2022ರ ಡಿಸೆಂಬರಿನಿಂದ ಗ್ರೀನ್ ಲೈನ್ ಹೋಗುತ್ತದೆ. ಪಿಟ್ಸ್‌ಬರ್ಗಿನಲ್ಲಿ ಕಾರ್ನೆಗಿ ಮೆಲನ್ ಮತ್ತು ಯೂನಿವರ್ಸಿಟಿ ಆಫ್ ಪಿಟ್ಸ್‌ಬರ್ಗ್ ಎರಡೂ ಓಕ್‌ಲ್ಯಾಂಡ್ ಪ್ರದೇಶದಲ್ಲೇ ಇವೆ, ನಡೆದೇ ಹೋಗಬಹುದು, ಒಂದು ದಿನ ಸಾಕು. ಪರ್ಡ್ಯೂ ಮಾತ್ರ ದೂರ: ಇಂಡಿಯಾನಾಪೊಲಿಸ್‌ಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಅದನ್ನು ಶರತ್ಕಾಲಕ್ಕೆ ಇಟ್ಟುಕೊಂಡರೂ ನಷ್ಟವಿಲ್ಲ. ಮೇ ಮೊದಲೆರಡು ವಾರ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸುಗಳ) ಪರೀಕ್ಷೆ, ಆಗ ಯಾವ ಪ್ರವಾಸವೂ ಬೇಡ.

ಕಡಲೆಪುರಿ:

ನೋಡುವುದು ಏನನ್ನು ಅಂತ ಕೇಳಿದ್ದೀರಿ. ಟೂರ್ ಕರೆದೊಯ್ಯುವ ವಿದ್ಯಾರ್ಥಿಗೆ ದಾರಿ ಗೊತ್ತುಮಾಡಿಕೊಟ್ಟಿರುತ್ತಾರೆ. ಹಾಗಾಗಿ ನಿಮ್ಮ ಕೆಲಸ ಶುರುವಾಗುವುದು ಟೂರ್ ಮುಗಿದ ಮೇಲೆ.

ಮಗಳ ವಿಭಾಗದ ಕಟ್ಟಡಕ್ಕೆ ಹೋಗಿ, ಪ್ರೊಫೆಸರುಗಳ ಕೋಣೆಗಳಿರುವ ಮಹಡಿಯಲ್ಲಿ ನಿಧಾನವಾಗಿ ನಡೆಯಿರಿ. ಬಾಗಿಲ ಮೇಲೆ ಆಫೀಸ್ ಅವರ್ಸ್, ಅಂದರೆ ವಿದ್ಯಾರ್ಥಿಗಳು ಬಂದು ಕಾಣಬಹುದಾದ ಹೊತ್ತಿನ ಚೀಟಿ ಇರುತ್ತದೆ. ಈ ಸೆಮಿಸ್ಟರಿನದೋ, ಎರಡು ವರ್ಷ ಹಳೆಯದೋ? ಆ ಹೊತ್ತಿನಲ್ಲಿ ಬಾಗಿಲು ತೆರೆದಿದೆಯೇ, ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾಯುವ ಹುಡುಗರಿದ್ದಾರೆಯೇ? ಮೇಕರ್ ಸ್ಪೇಸ್ (ವಿದ್ಯಾರ್ಥಿಗಳು ತಾವೇ ವಸ್ತು ತಯಾರಿಸುವ ಕಾರ್ಯಾಗಾರ) ತೋರಿಸಿ ‘ಇಲ್ಲಿ 20 ತ್ರೀ-ಡಿ ಪ್ರಿಂಟರ್ ಇವೆ’ ಅಂದರೆ ಅಷ್ಟಕ್ಕೇ ಮಾರುಹೋಗಬೇಡಿ. ಮೊದಲ ವರ್ಷದವರು ಅದನ್ನು ಮುಟ್ಟಬಹುದೇ, ಸ್ಲಾಟಿಗೆ ಎಷ್ಟು ದಿನ ಕಾಯಬೇಕು ಅಂತ ಅಲ್ಲಿ ಕೆಲಸ ಮಾಡುತ್ತಿರುವ ವಿದ್ಯಾರ್ಥಿಯನ್ನೇ ಕೇಳಲಿ.

ಪ್ರಶ್ನೆ ಅಂಕಿಯಲ್ಲಿ ಉತ್ತರ ಬರುವಂತಿರಲಿ. ‘ಪ್ರೊಫೆಸರುಗಳು ಚೆನ್ನಾಗಿದ್ದಾರಾ’ ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ‘ಹೋದ ಸೆಮಿಸ್ಟರ್ ನಿನ್ನ ಅತಿ ದೊಡ್ಡ ಕ್ಲಾಸಿನಲ್ಲಿ ಎಷ್ಟು ಜನ ಇದ್ದರು, ಅತಿ ಚಿಕ್ಕದರಲ್ಲಿ ಎಷ್ಟು, ಬೇಕಾದ ಯಾವ ಕೋರ್ಸ್ ಸಿಗಲಿಲ್ಲ, ಎರಡನೇ ವರ್ಷ ಕ್ಯಾಂಪಸ್ಸಿನಲ್ಲಿ ರೂಮ್ ಸಿಕ್ಕಿತಾ?’ ಅಂದರೆ ನಿಜ ಹೊರಬರುತ್ತದೆ. ಕೇಳುವುದು ಮಗಳೇ ಆಗಬೇಕು. ನೀವು ಹತ್ತು ಹೆಜ್ಜೆ ಹಿಂದೆ ಇರಿ. ಹೆತ್ತವರು ಬಾಯಿ ತೆರೆದ ಕೂಡಲೇ ಆ ಕಡೆಯವರ ಉತ್ತರ ಬ್ರೋಷರಿನ ಭಾಷೆಗೆ ತಿರುಗಿಬಿಡುತ್ತದೆ.

ಊಟದ ಹೊತ್ತಿಗೆ ಡೈನಿಂಗ್ ಹಾಲಿಗೇ ಹೋಗಿ, ದುಡ್ಡು ಕೊಟ್ಟು ಹೊರಗಿನವರೂ ಉಣ್ಣಬಹುದಾದ ಕಡೆಗಳೇ ಹೆಚ್ಚು. ಸಸ್ಯಾಹಾರಿಗಳಾದರೆ ಇದನ್ನು ಬಿಡಲೇಬೇಡಿ, ಏಕೆಂದರೆ ಹಾಸ್ಟೆಲಿನಲ್ಲಿರುವ ಮೊದಲ ವರ್ಷದವರಿಗೆ ಮೀಲ್ ಪ್ಲಾನ್ ಬಹುತೇಕ ಕಡ್ಡಾಯ. ಅನ್ನವನ್ನು ಚಿಕನ್ ಬ್ರಾತ್‌ನಲ್ಲಿ ಬೇಯಿಸಿದ್ದಾರೋ, ಸೂಪು ಮಾಡಿದ್ದು ಯಾವ ಸಾರಿನಿಂದ ಅಂತ ಬಡಿಸುವವರನ್ನು ಕೇಳಿ. ದಿನದಿನದ ಮೆನು ವೆಬ್‌ಸೈಟಿನಲ್ಲೂ ಹಾಕುತ್ತಾರೆ. ಒಂದು ವಾರ ಮನೆಯಿಂದಲೇ ಗಮನಿಸಿದರೆ ಸಲಾಡ್ ಬಿಟ್ಟು ಬೇರೇನಾದರೂ ಸಿಗುತ್ತದೆಯೋ ಇಲ್ಲವೋ ತಿಳಿಯುತ್ತದೆ.

ಸುರಕ್ಷತೆಗೆ: 1990ರ ಕ್ಲೆರಿ ಕಾಯ್ದೆ ಪ್ರಕಾರ ಕಾಲೇಜುಗಳು ಮೂರು ವರ್ಷದ ಅಪರಾಧಗಳ ಅಂಕಿಅಂಶವನ್ನು ಪ್ರತಿವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ಅದನ್ನು ಮೊದಲೇ ಓದಿಕೊಂಡು ಹೋಗಿ.

ಕಾರಿಗೆ ಬಂದ ಮೇಲೆ ಹತ್ತು ನಿಮಿಷ ಯಾರೂ ಅಭಿಪ್ರಾಯ ಹೇಳಬೇಡಿ. ಅವಳು ಫೋನಿನಲ್ಲಿ ಐದಾರು ಸಾಲು ಬರೆದುಕೊಳ್ಳಲಿ: ಕೋರ್ಸಿನ ಹೆಸರು, ಲ್ಯಾಬಿನ ಹೆಸರು, ಯಾರೋ ಹೇಳಿದ ಒಂದು ಮಾತು. ‘ಈ ಕಾಲೇಜೇ ಏಕೆ’ ಅನ್ನುವ ಪ್ರಬಂಧಕ್ಕೆ ನವೆಂಬರಿನಲ್ಲಿ ಇದೇ ಸರಕು.

ದಾರಿಬುತ್ತಿ:

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಒಂದು ವಿಷಯ ಬರೆಯಲು ಮರೆತೆ: ನಾವಿರುವುದು ಎಚ್-1ಬಿ ಕೆಲಸದ ವೀಸಾದಲ್ಲಿ, ಮಗಳು ಅವಲಂಬಿತರ ಎಚ್-4 ವೀಸಾದಲ್ಲಿ. ಅದಕ್ಕೆಂದು ಬೇರೆ ಏನಾದರೂ ವಿಚಾರಿಸಬೇಕೆ?

ಹೊಂಗೆನೆರಳು:

ಹಾಗಿದ್ದರೆ ನಾನು ಹೇಳಿದ ಕ್ಯಾಲ್ಕುಲೇಟರ್ ಅಂಕಿಯನ್ನು ಹಾಗೇ ನಂಬಬೇಡಿ. ಅದು ಸಾಮಾನ್ಯವಾಗಿ ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಇರುವವರನ್ನು ಲೆಕ್ಕದಲ್ಲಿಟ್ಟುಕೊಂಡು ಮಾಡಿದ್ದು. ಎಚ್-4ಕ್ಕೆ ಫೆಡರಲ್ ನೆರವು ಇಲ್ಲ. ಕ್ಯಾಲ್ಕುಲೇಟರಿನ ಉತ್ತರದಲ್ಲಿ ಪೆಲ್ ಗ್ರಾಂಟ್ (ಫೆಡರಲ್ ಸರ್ಕಾರದ ಸಹಾಯಧನ), ಫೆಡರಲ್ ಸಾಲ ಕಂಡರೆ ಆ ನೆರವನ್ನು ಲೆಕ್ಕದಿಂದ ತೆಗೆದುಬಿಡಿ.

ಅಡ್ಮಿಷನ್ ಆಫೀಸಿನಲ್ಲಿ ಮೂರು ವಿಷಯ ಕೇಳಿ. ನೆರವಿನ ಲೆಕ್ಕದಲ್ಲಿ ಎಚ್-4 ಅನ್ನು ಇಲ್ಲಿಯವರೆಂದು ಎಣಿಸುತ್ತಾರೋ, ಇಂಟರ್‌ನ್ಯಾಷನಲ್ ಎಂದೋ? ಸರ್ಕಾರಿ ವಿಶ್ವವಿದ್ಯಾಲಯವಾದರೆ ರಾಜ್ಯದವರ ದರ ಸಿಗುತ್ತದೆಯೇ? ಇದಕ್ಕೆ ರಾಜ್ಯಕ್ಕೊಂದು ನಿಯಮ. 21 ತುಂಬಿದಾಗ ಎಚ್-4 ಮುಗಿದು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಆ ದರ, ಸ್ಕಾಲರ್‌ಶಿಪ್ ಉಳಿಯುತ್ತವೆಯೇ?

ಇನ್ನೊಂದು, ಎಚ್-4 ಮಕ್ಕಳು ಸಂಬಳಕ್ಕೆ ದುಡಿಯುವಂತಿಲ್ಲ. ಕ್ಯಾಂಪಸ್ ಕೆಲಸವೂ ಇಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. ನಾರ್ತ್‌ಈಸ್ಟರ್ನ್‌ನಂಥ ಕಡೆ ಆರಾರು ತಿಂಗಳ ಕೋ-ಆಪ್ (ಓದಿನ ನಡುವೆ ಕಂಪನಿಯಲ್ಲಿ ಮಾಡುವ ಕೆಲಸ) ನೋಡಿಯೇ ಜನ ಸೇರುವುದು, ಅದು ಮಗಳಿಗೆ ಯಾವಾಗ ದಕ್ಕುತ್ತದೆ ಅಂತ ತಿಳಿಯಬೇಕು. ಎಫ್-1 ಆದರೂ ಸಿಪಿಟಿಗೆ, ಅಂದರೆ ಓದಿನ ಭಾಗವಾಗಿ ಇಂಥ ಕೆಲಸ ಮಾಡುವ ಅನುಮತಿಗೆ, ಸಾಮಾನ್ಯವಾಗಿ ಒಂದು ಪೂರ್ತಿ ಅಕಾಡೆಮಿಕ್ ವರ್ಷ ಓದಿರಬೇಕು. ಅಲ್ಲಿಗೆ ಹೋದ ದಿನವೇ ಇಂಟರ್‌ನ್ಯಾಷನಲ್ ಸ್ಟೂಡೆಂಟ್ಸ್ ಆಫೀಸಿನಲ್ಲಿ ಅರ್ಧ ಗಂಟೆ ಸಮಯ ಕೇಳಿಟ್ಟುಕೊಳ್ಳಿ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ಎಫ್-1 ವಿಷಯ ನಿಮ್ಮ ಇಮಿಗ್ರೇಷನ್ ವಕೀಲರನ್ನು ಕೇಳದೆ ಮುಂದುವರಿಯಬೇಡಿ. ಕಾಲೇಜಿನವರು ಬಾಯಲ್ಲಿ ಏನೇ ಹೇಳಿದರೂ, ಮನೆಗೆ ಬಂದು ಅದನ್ನೇ ಇಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ. ಮುಂದಿನ ವರ್ಷ ಆ ಕೌಂಟರಿನಲ್ಲಿ ಬೇರೆಯವರು ಕೂತಿರಬಹುದು.