ಅಪ್‌ಡೇಟ್: ಪೂಲ್ ಟೇಬಲ್ ಬಟ್ಟೆಗೆ ಗುರುತು ಹಾಕುವ ವಿಷಯ

ಒಂದೇ ಶಾಟ್ ಮತ್ತೆ ಮತ್ತೆ ಆಡಲು ಚೆಂಡನ್ನು ಅದೇ ಜಾಗದಲ್ಲಿ ಇಡಬೇಕು, ಬಟ್ಟೆ ಹಾಳಾಗದಂತೆ ಗುರುತು ಹಾಕುವುದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮೊದಲು ಟೈಲರ್ ಚಾಕ್ ಬಳಸಿದೆ. ಸಣ್ಣ ಗೆರೆ ಬ್ರಷ್‌ಗೆ ಹೋಯಿತು. ಆದರೆ ಬೇಗ ಮಸುಕಾಗುತ್ತದೆ, ಚೆಂಡಿಗೂ ಪುಡಿ ಅಂಟುತ್ತದೆ. ಮೇಣ ಬೆರೆತ ಚಾಕ್ ಮಾತ್ರ ಬೇಡವೇ ಬೇಡ, ಕಲೆ ಉಳಿಯುವ ಭಯ.

ನನಗೆ ಸರಿಹೋದದ್ದು ಫೈಲ್ ಹಾಳೆಯ ತೂತಿಗೆ ಅಂಟಿಸುವ ಕಾಗದದ ಪುಟ್ಟ ಉಂಗುರ. 57 ಮಿಲಿಮೀಟರ್ ಚೆಂಡು ಅದರ ಮೇಲೆ ಅಲುಗಾಡದೆ ಕೂರುತ್ತದೆ. ಅಂಟಿಸುವ ಮೊದಲು ಅಂಗೈಗೆ ಎರಡು ಸಲ ಒತ್ತಿ ತೆಗೆಯಿರಿ, ಅಂಟು ಕಡಿಮೆಯಾಗುತ್ತದೆ. ಆಟ ಮುಗಿದ ತಕ್ಷಣ ಕಿತ್ತುಬಿಡುತ್ತೇನೆ. ಇನ್ನೊಂದು ಚೆಂಡು ಉರುಳುವ ದಾರಿಯಲ್ಲಿ ಮಾತ್ರ ಅಂಟಿಸಬೇಡಿ, ನಿಧಾನಕ್ಕೆ ಬರುವ ಚೆಂಡು ಅಲ್ಲಿ ದಾರಿ ತಪ್ಪುತ್ತದೆ.

ನಾಳೆ ಅದೇ ಜಾಗ ಸಿಗಬೇಕಲ್ವಾ? ಅದಕ್ಕೆ ಟೇಬಲ್ ಅಂಚಿನ ಮೇಲೆ ಸಮ ದೂರದಲ್ಲಿರುವ ಪುಟ್ಟ ಗುರುತುಗಳನ್ನು, ಅಂದರೆ ಡೈಮಂಡ್‌ಗಳನ್ನು, ಲೆಕ್ಕ ಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. 9 ಅಡಿ ಟೇಬಲ್‌ನಲ್ಲಿ ಅವುಗಳ ನಡುವೆ 12.5 ಇಂಚು. ಈಗ ಬಲ ಮೂಲೆಯ ಕಟ್ ಶಾಟ್ (ಚೆಂಡಿನ ಬದಿಗೆ ತಾಗಿಸಿ ಓರೆಯಾಗಿ ಕಳಿಸುವ ಹೊಡೆತ) ಹತ್ತರಲ್ಲಿ ಏಳು ಸಲ ಬೀಳುತ್ತಿದೆ!