ಕೊಲರಾಡೊದಲ್ಲಿ ಮೊದಲ ಎಲ್ಕ್ ಶಿಕಾರಿ: ಯಾವ ಕೋವಿ, ಏನು ಸಾಮಾನು, ಹೇಗೆ ಹೊಂಚುವುದು?

ಮಲೆಸೀಮೆ_ಡೆನ್ವರ್ ಕೇಳಿದ್ದು:

ಅಕ್ಟೋಬರ್ ಕೊನೆಯಲ್ಲಿ ಬರುವ ಎರಡನೇ ರೈಫಲ್ ಸೀಸನ್‌ಗೆ ಗಂಡು ಎಲ್ಕ್ (ಇಲ್ಲಿನ ಭಾರಿ ಗಾತ್ರದ ಜಿಂಕೆ) ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ ಚೀಟಿ, ತೆಗೆದುಕೊಳ್ಳಬೇಕೆಂದಿದ್ದೇವೆ. ನಾನು, ಜೊತೆಗೊಬ್ಬ ಗೆಳೆಯ. ಇಬ್ಬರಿಗೂ ಹಂಟರ್ ಎಜುಕೇಶನ್ ಕಾರ್ಡ್ ಆಗಿದೆ, ಇಬ್ಬರಿಗೂ ಇದೇ ಮೊದಲು. ಗೈಡ್ ಇಲ್ಲ, ಕುದುರೆ ಇಲ್ಲ. ನ್ಯಾಷನಲ್ ಫಾರೆಸ್ಟ್ ಜಾಗದಲ್ಲಿ ಟೆಂಟ್ ಹಾಕಿ ಐದು ದಿನ. ತಲಾ 2,500 ಡಾಲರ್ ಬಜೆಟ್, ಕೋವಿಯೂ ಅದರಲ್ಲೇ ಬರಬೇಕು.

ಅಂಗಡಿಯಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಭಾರಿ ತೋಟೆಯ ಕೋವಿ ಇಲ್ಲದೆ ಎಲ್ಕ್ ಬೀಳುವುದಿಲ್ಲ ಎನ್ನುತ್ತಾರೆ, ನಿಜವೇ? ಸ್ಕೋಪ್ ಎಷ್ಟರದ್ದು? ಕೂಗಿ ಕರೆಯಲು ಬ್ಯೂಗಲ್ (ಗಂಡು ಎಲ್ಕ್‌ನ ಕೂಗು ಹೊರಡಿಸುವ ಪೀಪಿ) ಬೇಕೇ? ರಸ್ತೆಯಿಂದ ಎಷ್ಟು ಒಳಗೆ ಹೋಗಬೇಕು? ಕಾಡು ಹೊಸದಲ್ಲ, ಆದರೆ ಈ ಗಾತ್ರದ ಪ್ರಾಣಿ ಹೊಸದು.

ಕೋವಿಮನೆ:

ಕೋವಿಯ ಪ್ರಶ್ನೆ ಮೊದಲು ಮುಗಿಸೋಣ. ಎಲ್ಕ್‌ಗೆ ಕೊಲರಾಡೊದ ಕಾನೂನು ಕೇಳುವುದು ಇಷ್ಟು: ಕನಿಷ್ಠ .24 ಕ್ಯಾಲಿಬರ್, ಗುಂಡಿನ ತೂಕ ಕನಿಷ್ಠ 85 ಗ್ರೇನ್ (ಸುಮಾರು ಐದೂವರೆ ಗ್ರಾಂ), 100 ಗಜದಲ್ಲಿ 1,000 ಫುಟ್-ಪೌಂಡ್ ಹೊಡೆತ. ನಿಮಗೆ ಬೇಕಿರುವುದು ಅದಕ್ಕಿಂತ ಹೆಚ್ಚು, ಮ್ಯಾಗ್ನಮ್‌ಗಿಂತ ಕಡಿಮೆ. 1906ರಿಂದ ಇರುವ .30-06 ಇವತ್ತಿಗೂ ಸಾಕು. 180 ಗ್ರೇನ್ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 2,700 ಅಡಿ ವೇಗ, 2,900 ಫುಟ್-ಪೌಂಡ್ ಶಕ್ತಿ. .308ರಲ್ಲಿ 165 ಗ್ರೇನ್ ಆದರೂ ನಡೆಯುತ್ತದೆ.

ಗುಂಡಿನ ಹೆಸರಿಗಿಂತ ಅದರ ಕಟ್ಟು ಮುಖ್ಯ. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಪಕ್ಕೆಲುಬು, ಒಣಮಣ್ಣು ಮೆತ್ತಿದ ದಪ್ಪ ಚರ್ಮ, ಕೆಲವೊಮ್ಮೆ ಹೆಗಲ ಮೂಳೆ, ಇಷ್ಟನ್ನೂ ದಾಟಿ ಗುಂಡು ಎರಡೂ ಶ್ವಾಸಕೋಶ ತಲುಪಬೇಕು. ಜಿಂಕೆಗೆಂದು ಮಾಡಿದ ತೆಳು ಕವಚದ ಗುಂಡು ಹೆಗಲಲ್ಲೇ ಸಿಡಿದು ಚೂರಾಗುತ್ತದೆ. ಪ್ರಾಣಿ ಓಡುತ್ತದೆ, ಎರಡು ದಿನ ನರಳಿ ಎಲ್ಲೋ ಸಾಯುತ್ತದೆ. ಬಾಂಡೆಡ್ (ಸೀಸವನ್ನು ಕವಚಕ್ಕೆ ಬೆಸೆದದ್ದು), ಪಾರ್ಟಿಷನ್ (ಒಳಗೆ ಅಡ್ಡಗೋಡೆ ಇರುವುದು), ಅಥವಾ ಪೂರಾ ತಾಮ್ರದ ಗುಂಡು, ಈ ಮೂರರಲ್ಲಿ ಒಂದನ್ನು ಆರಿಸಿ. 20ರ ಡಬ್ಬಿ ಐದು, ಒಂದೇ ಲಾಟ್ ನಂಬರಿನವು (ಒಂದೇ ಕಂತಿನಲ್ಲಿ ತಯಾರಾದವು), ಒಟ್ಟಿಗೆ ಕೊಂಡುಬಿಡಿ. ಲಾಟ್ ಬದಲಾದರೆ ಗುರಿಯೂ ಬದಲಾಗಬಹುದು.

ನಿಮ್ಮ 2,500ರಲ್ಲಿ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆಯುವ) ಕೋವಿಗೆ 600, ಸ್ಕೋಪ್ ಮತ್ತು ಅದನ್ನು ಕೋವಿಗೆ ಬಿಗಿಯುವ ರಿಂಗ್‌ಗೆ 400 ದಾಟಬೇಡಿ. 3-9x40 ಸ್ಕೋಪ್ (3ರಿಂದ 9 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 40 ಮಿ.ಮೀ. ಇರುವುದು) ಧಾರಾಳ ಸಾಕು. ರಿಂಗ್ ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಲ್ಲಿ 15ರಿಂದ 18 ಇಂಚ್-ಪೌಂಡ್‌ಗೆ ಬಿಗಿಯಿರಿ. ಕೈ ಅಂದಾಜಿಗೆ ಬಿಗಿದದ್ದು ಜೀಪಿನ ಕುಲುಕಾಟಕ್ಕೇ ಸಡಿಲವಾಗುತ್ತದೆ, ಹೆಚ್ಚು ಬಿಗಿದರೆ ಟ್ಯೂಬ್ ನಗ್ಗುತ್ತದೆ. 100 ಗಜದಲ್ಲಿ ಗುಂಡು ಎರಡು ಇಂಚು ಮೇಲೆ ಬೀಳುವಂತೆ ಕೂರಿಸಿದರೆ 200ಕ್ಕೆ ನೇರ, 300ಕ್ಕೆ ಸುಮಾರು ಎಂಟು ಇಂಚು ಕೆಳಗೆ. 300 ಗಜದೊಳಗೆ ಡೆನ್ವರಿನ ಎತ್ತರಕ್ಕೂ 10,000 ಅಡಿಗೂ ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ಕ್ಯಾಂಪ್ ತಲುಪಿದ ಮೇಲೆ, ಸೀಸನ್ ಶುರುವಾಗುವ ಮೊದಲು, ಅಲ್ಲಿಯೇ ಮೂರು ಈಡು ಹೊಡೆದು ನೋಡಿ.

ಉಳಿದ ದುಡ್ಡು 10x42 ಬೈನಾಕುಲರ್, ಬೂಟು, ಫ್ರೇಮ್ ಇರುವ ಬ್ಯಾಗು, ಇವಕ್ಕೆ.

ಹಳುವಿನಂಚು:

ಮೇಲಿನದಕ್ಕೆಲ್ಲ ಒಪ್ಪಿಗೆ, ಒಂದು ಮಾತು ಬಿಟ್ಟು. ಹೊಸಬರಿಗೆ .30-06ರ ಒದೆತವೂ ಜಾಸ್ತಿಯೇ. ಹಗುರ ಕೋವಿಯಲ್ಲಂತೂ ಹತ್ತು ಈಡಿನೊಳಗೆ ಟ್ರಿಗರ್ ಎಳೆಯುವ ಮುನ್ನವೇ ಕಣ್ಣು ಮುಚ್ಚಿ ಹೆಗಲು ಮುಂದೆ ತಳ್ಳುವ ಚಾಳಿ ಹತ್ತುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಗೆಳೆಯರ ಮೈಕಟ್ಟು ಸಣ್ಣದಾದರೆ 7 ಎಂಎಂ-08 ಅಥವಾ 6.5 ಕ್ರೀಡ್‌ಮೂರ್ ಕೊಡಿಸಿ, 140 ಗ್ರೇನಿನ ಗಟ್ಟಿ ಗುಂಡು ಹಾಕಿ, ದೂರವನ್ನು 250 ಗಜಕ್ಕೆ ನಿಲ್ಲಿಸಿ.

ಚಾಳಿ ಇದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ. ಗೆಳೆಯ ನಿಮಗೆ ಕಾಣದಂತೆ ಒಮ್ಮೆ ನಿಜವಾದ ತೋಟೆ, ಒಮ್ಮೆ ಡಮ್ಮಿ ತುಂಬಿ ಕೋವಿ ಕೈಗಿಡಲಿ. ಡಮ್ಮಿ ಬಂದಾಗ ನಳಿಗೆಯ ತುದಿ ಕೆಳಕ್ಕೆ ಕುಕ್ಕಿದರೆ ಚಾಳಿ ಇದೆ ಎಂದರ್ಥ.

ಅಭ್ಯಾಸವನ್ನು ಬೆಂಚಿನ ಮೇಲೆ ಮುಗಿಸಬೇಡಿ. ಎಂಟು ಇಂಚಿನ ಕಾಗದದ ತಟ್ಟೆ ನೆಟ್ಟು, ಕೂತು, ಮಂಡಿಯೂರಿ, ಬ್ಯಾಗಿಗೆ ಒರಗಿ, ಶೂಟಿಂಗ್ ಸ್ಟಿಕ್ ಇಟ್ಟು ಹೊಡೆಯಿರಿ. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ದೂರ. ನೂರು ಮೀಟರ್ ಓಡಿಬಂದು ಏದುಸಿರಿನಲ್ಲೇ ಮತ್ತೆ ಹೊಡೆದು ನೋಡಿ, ಆ ದೂರ ಎಷ್ಟು ಕುಗ್ಗುತ್ತದೆ ಎಂಬುದು ಗೊತ್ತಾಗುತ್ತದೆ. ಬೆಟ್ಟದಲ್ಲಿ ನಿಮಗೆ ಸಿಗುವುದು ಆ ಕುಗ್ಗಿದ ದೂರವೇ.

ಬಟ್ಟೆ: ಹತ್ತಿ ಬೇಡವೇ ಬೇಡ. ಬೆವರಿಗೆ ಒದ್ದೆಯಾದ ಬನಿಯನ್ ಸಂಜೆ ಹಿಮಗಾಳಿಗೆ ಸಿಕ್ಕರೆ ಮೈ ನಡುಕ ನಿಲ್ಲುವುದಿಲ್ಲ. ಉಣ್ಣೆಯ ಒಳಪದರ, ಮಧ್ಯೆ ಫ್ಲೀಸ್, ಹೊರಗೆ ಗಾಳಿ ತಡೆಯುವುದು. ದುಬಾರಿ ಕ್ಯಾಮೊಫ್ಲಾಜ್‌ಗೆ ದುಡ್ಡು ಸುರಿಯಬೇಡಿ. ರೈಫಲ್ ಸೀಸನ್‌ನಲ್ಲಿ ಸೊಂಟದಿಂದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ, ಜೊತೆಗೆ ಎಲ್ಲ ಕಡೆಯಿಂದ ಕಾಣುವ ಅದೇ ಬಣ್ಣದ ಟೋಪಿ ಕಡ್ಡಾಯ. ಚಿತ್ತಾರದ ಕಿತ್ತಳೆ ನಡೆಯದು, ಪೂರ್ತಿ ಒಂದೇ ಬಣ್ಣ ಇರಬೇಕು. ಬೂಟನ್ನು ಈಗಲೇ ಕೊಂಡು ಎರಡು ತಿಂಗಳು ಹಾಕಿ ನಡೆಯಿರಿ.

ಬೆಟ್ಟದ_ಹಾದಿ:

ಹೊಂಚಿನ ವಿಷಯಕ್ಕೆ ಬರುತ್ತೇನೆ. ಬ್ಯೂಗಲ್ ಬೇಡ. ಎಲ್ಕ್ ಬೆದೆಗೆ ಬಂದು ಕೂಗುವುದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಕೊನೆಗೆ ಗಂಡುಗಳು ಸೋತು ಸೊರಗಿ, ಹೆಣ್ಣಿನ ಹಿಂಡು ಬಿಟ್ಟು, ಒಂಟಿಯಾಗಿಯೋ ಎರಡು ಮೂರು ಸೇರಿಯೋ ಕಡಿದಾದ, ಜನ ಹೋಗದ ಹಳು ಸೇರಿರುತ್ತವೆ. ಆಗ ಕೂಗಿದರೆ ನೀವಲ್ಲಿದ್ದೀರಿ ಎಂದು ಸಾರಿದಂತೆ. ಹೆಣ್ಣಿನ ದನಿಯ ಸಣ್ಣ ಪೀಪಿಯೊಂದು ಜೇಬಿನಲ್ಲಿರಲಿ, ನಡೆದು ಹೋಗುತ್ತಿರುವ ಪ್ರಾಣಿಯನ್ನು ಒಂದು ಗಳಿಗೆ ನಿಲ್ಲಿಸಲು ಅದು ಸಾಕು.

ಮಲೆನಾಡಿನ ಹಾಗೆ ಹಳು ನುಗ್ಗಿಸಿ ಬಿಲ್ಲಿನಲ್ಲಿ (ಕೋವಿ ಹಿಡಿದು ಕೂರುವ ಜಾಗದಲ್ಲಿ) ಕಾಯುವ ಯೋಚನೆಯಿದ್ದರೆ ಅದನ್ನೂ ಬಿಡಿ. ಇಬ್ಬರಿಂದ ಆಗುವ ಕೆಲಸವಲ್ಲ. ಬೆದರಿದ ಎಲ್ಕ್ ಪಕ್ಕದ ಪೊದೆಗೆ ಹೋಗುವ ಹಂದಿಯಲ್ಲ, ಎರಡು ಬೆಟ್ಟ ದಾಟಿ ಹೋಗುತ್ತದೆ, ಬಹುಪಾಲು ಖಾಸಗಿ ಜಮೀನಿಗೆ.

ಇಲ್ಲಿ ಎಲ್ಲವೂ ಗಾಳಿ. ರಾತ್ರಿಯ ತಣ್ಣನೆ ಗಾಳಿ ಭಾರವಾದ್ದರಿಂದ ಬೆಳಗಿನವರೆಗೂ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಗೆ ಹರಿಯುತ್ತದೆ. ಬಿಸಿಲು ನೆಲ ಕಾಯಿಸಿದ ಮೇಲೆ, ಒಂಬತ್ತು ಹತ್ತು ಗಂಟೆಯ ಹೊತ್ತಿಗೆ, ತಿರುಗಿ ಮೇಲಕ್ಕೇರುತ್ತದೆ. ಸಂಜೆ ಇಳಿಜಾರಿಗೆ ನೆರಳು ಬಿದ್ದ ಕೂಡಲೇ ಮತ್ತೆ ಕೆಳಗೆ. ತಿರುಗುವ ಆ ಅರ್ಧ ಗಂಟೆ ಗಾಳಿ ಸುತ್ತುತ್ತಿರುತ್ತದೆ, ಆಗ ಕೂತಲ್ಲಿಂದ ಏಳಬೇಡಿ. ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಟಾಲ್ಕಂ ಪುಡಿ ತುಂಬಿ ಕೊರಳಿಗೆ ತೂಗುಹಾಕಿಕೊಳ್ಳಿ. ಐದು ನಿಮಿಷಕ್ಕೊಮ್ಮೆ ಅದುಮಿ. ಪುಡಿ ಮುಖದ ಮುಂದೆ ಎತ್ತ ಹೋಯಿತು ಎಂದು ನೋಡಿ ಸುಮ್ಮನಾಗಬೇಡಿ, ಹತ್ತು ಹದಿನೈದು ಅಡಿ ಆಚೆ ಅದು ಎತ್ತ ಬಾಗಿತು ಎಂಬುದನ್ನು ನೋಡಿ. ಎಷ್ಟೋ ಸಲ ಕಿವಿಯ ಹತ್ತಿರ ಮೇಲೇರಿದ ಪುಡಿ ಬಂಡೆಯ ಅಂಚು ದಾಟಿದೊಡನೆ ಕಣಿವೆಗೆ ಜಾರುತ್ತದೆ. ನಿಮ್ಮ ವಾಸನೆಯೂ ಅದೇ ದಾರಿ ಹಿಡಿಯುತ್ತದೆ.

ನಸುಕಿಗೆ ಎಲ್ಕ್ ಹುಲ್ಲುಬಯಲಿನಲ್ಲಿರುತ್ತದೆ, ಬಿಸಿಲೇರಿದರೆ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್ ಮರಗಳೊಳಗೆ ಮಲಗುತ್ತದೆ. ಬೆಳಿಗ್ಗೆ ಬಯಲಿಗೆ ಕೆಳಗಿನಿಂದ ಅಥವಾ ಪಕ್ಕದಿಂದ ಹೋಗಿ. ಹತ್ತರ ಮೇಲೆ ಅವು ಮಲಗುವ ಜಾಗಕ್ಕಿಂತ ಎತ್ತರದಲ್ಲಿರಿ. ಸಂಜೆ ಮತ್ತೆ ಬಯಲಿನ ಕೆಳಅಂಚು. ಕತ್ತಲಿರುವಾಗಲೇ ದಿಬ್ಬ ಹತ್ತಿ, ಬೈನಾಕುಲರನ್ನು ಟ್ರೈಪಾಡ್ ಮೇಲೆ ಕೂರಿಸಿ, ಮರಗಳ ನಡುವಿನ ನೆರಳನ್ನು ಗೆರೆ ಗೆರೆಯಾಗಿ ಹುಡುಕಿ. ಇಡೀ ಪ್ರಾಣಿ ಕಾಣುವುದಿಲ್ಲ. ಹಳದಿ ಪೃಷ್ಠ, ಅಡ್ಡ ಬೆನ್ನಿನ ಗೆರೆ, ಒಂದು ಕೊಂಬಿನ ತುದಿ, ಇಷ್ಟೇ.

ಕೊಂಬು ಎಣಿಸದೆ ಈಡು ಹೊಡೆಯಬೇಡಿ. ಹೆಚ್ಚಿನ ಯೂನಿಟ್‌ಗಳಲ್ಲಿ (ಬೇಟೆಗೆ ಗುರುತಿಸಿದ ವಲಯಗಳಲ್ಲಿ) ಒಂದು ಕಡೆ ಕನಿಷ್ಠ ನಾಲ್ಕು ಕವಲು ಅಥವಾ ಐದು ಇಂಚಿನ ಹುಬ್ಬುಕವಲು ಇರಬೇಕು. ಹೊಡೆಯುವ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ. ಟ್ಯಾಗ್, ಯೂನಿಟ್ ನಿಯಮ ವರ್ಷ ವರ್ಷ ಬದಲಾಗುತ್ತವೆ, ಆ ವರ್ಷದ ಬಿಗ್ ಗೇಮ್ ಪುಸ್ತಿಕೆಯನ್ನೇ ನೋಡಿ.

ಅಡ್ಡ ನಿಂತಿದ್ದರೆ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಓರೆಯಾಗಿ ಆಚೆ ತಿರುಗಿದ್ದರೆ ಆಚೆಬದಿಯ ಹೆಗಲಿಗೆ ಗೆರೆ ಎಳೆದುಕೊಂಡು ಹೊಡೆಯಿರಿ. ನಿಮ್ಮ ಕಡೆಗೆ ಹಿಂಭಾಗ ತಿರುಗಿಸಿದ್ದರೆ ಹೊಡೆಯಲೇಬೇಡಿ. ಕಾಲಿನ ಮೇಲೆ ನಿಂತಿದ್ದರೆ ಮತ್ತೊಂದು ಈಡು ಕೊಡಿ. ಓಡಿದರೆ ಅರ್ಧ ಗಂಟೆ ಕಾದು ರಕ್ತ ನೋಡಿ. ನೊರೆಯಿರುವ ಗುಲಾಬಿ ರಕ್ತ ಶ್ವಾಸಕೋಶದ್ದು, ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ಗಲೀಜು ಬೆರೆತಿದ್ದರೆ ಹೊಟ್ಟೆಗೆ ತಾಗಿದೆ, ಕನಿಷ್ಠ ಆರು ತಾಸು ಬಿಟ್ಟು ಹುಡುಕಿ. ಆತುರಪಟ್ಟು ಎಬ್ಬಿಸಿದರೆ ಮತ್ತೆ ಸಿಗುವುದಿಲ್ಲ.

ಮಲೆಸೀಮೆ_ಡೆನ್ವರ್:

ತುಂಬಾ ಉಪಕಾರ. ಇನ್ನೆರಡು ಉಳಿದವು. ಗೆಳೆಯ ಎಚ್-1ಬಿ ವೀಸಾದಲ್ಲಿದ್ದಾನೆ, ಕೋವಿ ಮುಟ್ಟಬಹುದೇ? ಮತ್ತೆ, ಮ್ಯಾಪಿನಲ್ಲಿ ರಸ್ತೆಯಿಂದ ಎಂಟು ಕಿಲೋಮೀಟರ್ ಒಳಗೆ ಒಳ್ಳೆಯ ಬಯಲು ಗುರುತಿಸಿದ್ದೇವೆ, ಹೋಗಬಹುದಲ್ಲ?

ಕೋವಿಮನೆ:

ವೀಸಾ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ವಲಸೆಯೇತರ ವೀಸಾದಲ್ಲಿರುವವರು ಕೋವಿ ಮಾತ್ರವಲ್ಲ, ತೋಟೆ ಇಟ್ಟುಕೊಳ್ಳುವುದೂ ಫೆಡರಲ್ ಕಾನೂನಿನಲ್ಲಿ ಅಪರಾಧ. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದೇ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಆದ್ದರಿಂದ ಲೈಸೆನ್ಸ್ ಮೊದಲು, ಕೋವಿ ಆಮೇಲೆ, ರೇಂಜಿಗೆ ಅಭ್ಯಾಸಕ್ಕೆ ಹೋಗುವುದೂ ಆಮೇಲೆಯೇ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು, ಮನೆಯಲ್ಲಿರುವ ಕೋವಿ ಅಪರಾಧವಾಗುತ್ತದೆ. ನವೀಕರಣದ ದಿನಾಂಕ ಫೋನಿನಲ್ಲಿ ಹಾಕಿಟ್ಟುಕೊಳ್ಳಲಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಮುಂದೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವವರಾದರೆ ಒಮ್ಮೆ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಲಿ. ಕೊಲರಾಡೊದಲ್ಲಿ ಕೊಂಡ ಕೋವಿ ಕೈಗೆ ಸಿಗಲು ಮೂರು ದಿನ ಕಾಯಬೇಕು, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಬೆಟ್ಟದ_ಹಾದಿ:

ಎಂಟು ಕಿಲೋಮೀಟರ್ ಬೇಡ. ಲೆಕ್ಕ ಹಾಕಿ. ಗಂಡು ಎಲ್ಕ್‌ನ ಹಿಂದೊಡೆ ಮೂಳೆ ಸಹಿತ ಒಂದೊಂದೂ 25ರಿಂದ 30 ಕಿಲೋ, ಮುಂಗಾಲು ಒಂದೊಂದೂ 20, ಬೆನ್ನು ಕತ್ತು ಇತ್ಯಾದಿ ಸೇರಿ ಇನ್ನೊಂದು 30-35. ಅಂದರೆ ಆರು ಹೊರೆ. ಒಬ್ಬರೇ ಆದರೆ ಆರು ಸಲ ಹೊರಗೆ, ಐದು ಸಲ ವಾಪಸ್ ಒಳಗೆ. ಮೂರು ಕಿಲೋಮೀಟರ್ ದೂರಕ್ಕೇ 33 ಕಿಲೋಮೀಟರ್ ನಡಿಗೆ, 10,000 ಅಡಿ ಎತ್ತರದಲ್ಲಿ. ಇಬ್ಬರಿದ್ದರೆ ತಲಾ ಮೂರು ಹೊರೆ, 15 ಕಿಲೋಮೀಟರ್. ಎಂಟು ಕಿಲೋಮೀಟರ್ ಒಳಗಾದರೆ ತಲಾ 40. ಕೊನೆಯ ಹೊರೆ ಬರುವಷ್ಟರಲ್ಲಿ ಮಾಂಸ ಹಾಳು, ಮಾಂಸ ಹಾಳುಗೆಡವುವುದು ಕಾನೂನಿನ ಪ್ರಕಾರವೂ ತಪ್ಪು. ಮೂರೇ ನಿಮ್ಮ ಮಿತಿ. ರಸ್ತೆಯಿಂದ ಒಂದೂವರೆ ಕಿಲೋಮೀಟರ್ ದಾಟಿ, ಯಾರೂ ಇಳಿಯಲು ಇಷ್ಟಪಡದ ಕಡಿದು ಕೊಳ್ಳ ಹುಡುಕಿ, ದೂರಕ್ಕಿಂತ ಅದೇ ಫಲ ಕೊಡುತ್ತದೆ.

ಹಳುವಿನಂಚು:

ಬಿದ್ದ ಮೇಲಿನ ಕೆಲಸ ಸೇರಿಸುತ್ತೇನೆ. ಮೊದಲು ಟ್ಯಾಗಿಗೆ ಸಹಿ, ದಿನಾಂಕ. ಹೊಟ್ಟೆ ಸೀಳದೆಯೇ ಕೊಯ್ಯಬಹುದು. ಮಗ್ಗುಲಿಗೆ ಮಲಗಿಸಿ, ಕತ್ತಿನಿಂದ ಬಾಲದವರೆಗೆ ಬೆನ್ನುಮೂಳೆಯ ಮೇಲೆ ಚರ್ಮ ಸೀಳಿ ಹೊಟ್ಟೆಯ ಕಡೆಗೆ ಸುಲಿಯಿರಿ. ಸುಲಿದ ಚರ್ಮವೇ ಚಾಪೆ. ಮುಂಗಾಲಿಗೆ ಮೂಳೆಯ ಕೀಲಿಲ್ಲ, ಕಾಲು ಮೇಲೆತ್ತಿ ಹೆಗಲಹಲಗೆಗೂ ಪಕ್ಕೆಗೂ ನಡುವೆ ಚಾಕು ಆಡಿಸಿದರೆ ಕಳಚಿ ಬರುತ್ತದೆ. ಹಿಂಗಾಲಿಗೆ ಸೊಂಟದ ಮೂಳೆಗೆ ತಾಗಿಸಿಯೇ ಕೊಯ್ಯುತ್ತಾ ಹೋಗಿ. ಬಿಳಿಯ, ಜಾರುವ ಗೋಲದ ಕೀಲು ಕಂಡಾಗ ಒಳಗಿನ ನರ ಕತ್ತರಿಸಿ. ಬೆನ್ನಿನ ಉದ್ದ ಮಾಂಸ, ಕತ್ತು, ಪಕ್ಕೆ ತೆಗೆದು, ಕೊನೆಯ ಪಕ್ಕೆಯ ಹಿಂದೆ ಸಣ್ಣಗೆ ಸೀಳಿ ಹೊಟ್ಟೆಚೀಲ ಒತ್ತಿ ಹಿಡಿದು ಒಳಬೆನ್ನಿನ ಮಾಂಸ ಎಳೆಯಿರಿ. ಆಮೇಲೆ ಮಗುಚಿ ಇನ್ನೊಂದು ಬದಿ. ಲಿಂಗದ ಗುರುತು ಒಂದು ತೊಡೆಗೆ ಅಂಟಿದಂತೆಯೇ ಬಿಡಬೇಕು, ಪೂರ್ತಿ ಸುಲಿದು ಬಿಸಾಡಿದರೆ ದಂಡ ಬೀಳುತ್ತದೆ.

ಮಾಂಸ ಕೆಡುವುದು ಮೂಳೆಯ ಪಕ್ಕದಿಂದ. ಹೊರಗೆ ಹಿಮ ಬೀಳುತ್ತಿದ್ದರೂ ಚರ್ಮ ಸುಲಿಯದ ತೊಡೆಯೊಳಗೆ ಬಿಸಿ ನಿಂತು ಕೀಲಿನ ಸುತ್ತ ಹುಳಿವಾಸನೆ ಬರುತ್ತದೆ. ಒಂದೊಂದು ಕಾಲನ್ನೂ ಗಾಳಿಯಾಡುವ ಬಟ್ಟೆಯ ಗೇಮ್ ಬ್ಯಾಗಿಗೆ ಹಾಕಿ ನೆರಳಿನ ಕೊಂಬೆಗೆ, ನೆಲಕ್ಕೆ ತಾಗದಂತೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಕರಡಿ ಇರುವುದರಿಂದ ಕೊಯ್ದುಳಿದ ಕಳೇಬರದಿಂದ ನೂರು ಗಜ ದೂರ, ಬಯಲಿಗೆ ಕಾಣುವಂತೆ ತೂಗಿಸಿದರೆ ಮರುದಿನ ಬರುವಾಗ ದೂರದಿಂದಲೇ ನೋಡಿಕೊಂಡು ಬರಬಹುದು. ರಾತ್ರಿ ತಣ್ಣಗಾದ ಮೇಲೆ ಮೂಳೆ ಬಿಡಿಸಿದರೆ ಆರು ಹೊರೆ ನಾಲ್ಕಕ್ಕೆ ಇಳಿಯುತ್ತದೆ. ಬಿಸಿಯಿರುವಾಗಲೇ ಬಿಡಿಸಿದರೆ ಚೀಲದಲ್ಲಿ ಮುದ್ದೆಯಾಗಿ ಕೂತು ನಡುಭಾಗ ತಣಿಯುವುದಿಲ್ಲ.

ಕಾರಿನಲ್ಲಿ ಎರಡು ದೊಡ್ಡ ಕೂಲರ್, ಅದರೊಳಗೆ ಮನೆಯಲ್ಲೇ ನೀರು ತುಂಬಿ ಹೆಪ್ಪುಗಟ್ಟಿಸಿದ ಹಾಲಿನ ಕ್ಯಾನುಗಳು. ಬಿಡಿ ಐಸು ಕರಗಿ ಮಾಂಸ ನೀರಲ್ಲಿ ನೆನೆಯುತ್ತದೆ, ಕ್ಯಾನು ಹಾಗಾಗದು. ತಲೆಯನ್ನೂ ತನ್ನಿ. ಜಿಂಕೆ ಜಾತಿಗೆ ಬರುವ ಕ್ರಾನಿಕ್ ವೇಸ್ಟಿಂಗ್ ರೋಗ ಮೊದಲು ಕಂಡದ್ದೇ 1967ರಲ್ಲಿ ಇದೇ ಕೊಲರಾಡೊದಲ್ಲಿ. ಮನುಷ್ಯರಿಗೆ ಹರಡಿದ ಪುರಾವೆಯಿಲ್ಲ, ಆದರೂ ರೋಗವಿರುವ ಪ್ರಾಣಿಯ ಮಾಂಸ ತಿನ್ನಬೇಡಿ ಎಂಬುದೇ ಆರೋಗ್ಯ ಇಲಾಖೆಯ ಸಲಹೆ. ವನ್ಯಜೀವಿ ಇಲಾಖೆಯ ಕಚೇರಿಗೆ ತಲೆ ಕೊಟ್ಟು, ಫಲಿತಾಂಶ ಬರುವವರೆಗೆ ಪ್ಯಾಕೆಟ್‌ಗಳ ಮೇಲೆ ಅವರು ತಲೆಗೆ ಕೊಟ್ಟ ನಂಬರ್ ಬರೆದು ಫ್ರೀಜರ್‌ನಲ್ಲಿಡಿ, ಇಬ್ಬರ ಎಲ್ಕ್ ಮಾಂಸ ಬೆರೆಸಬೇಡಿ.